ಮಡಚುವ ಸೋಲಾರ್ ಪ್ಯಾನೆಲ್: 14 ತಿಂಗಳು ಹೊತ್ತು ತಿರುಗಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಶನಿವಾರ ಹೊರಟು ಭಾನುವಾರ ರಾತ್ರಿ ಮನೆ ಸೇರುವ ಟ್ರೆಕ್ಕಿಗೆ ಈ ಮಡಚುವ ಸೋಲಾರ್ ಪ್ಯಾನೆಲ್ ಬೇಡವೇ ಬೇಡ. ದುಡ್ಡೂ ದಂಡ, ಬೆನ್ನಿಗೂ ದಂಡ. ಒಂದೇ ಜಾಗದಲ್ಲಿ ಮೂರು ನಾಲ್ಕು ದಿನ ಟೆಂಟ್ ಹಾಕಿಕೊಂಡು ಕೂರುವವರು ನೀವಾದರೆ ಮುಂದೆ ಓದಿ. ಅಗ್ಗಕ್ಕೆ ಸಿಕ್ಕಿತು ಅಂತ ರಾತ್ರಿ ಹನ್ನೊಂದಕ್ಕೆ ಆರ್ಡರ್ ಹಾಕುವ ಚಟ ಇದ್ದರಂತೂ ತಪ್ಪದೇ ಓದಿ, ಯಾಕೆಂದರೆ ನನ್ನ ಕಥೆ ಶುರುವಾದದ್ದೇ ಹಾಗೆ.

ನಾನಿರುವುದು ಪುಣೆಯ ಕೋಥ್ರೂಡ್‌ನಲ್ಲಿ, ಊರು ಧಾರವಾಡ. ಇಲ್ಲಿಗೆ ಬಂದ ಮೇಲೆ ಕೋಟೆ ಹತ್ತುವ ಹುಚ್ಚು ಹಿಡಿಯಿತು. ಮೊದಲು ತರಿಸಿದ್ದು "100 ವ್ಯಾಟ್" ಅಂತ ದೊಡ್ಡ ಅಕ್ಷರದಲ್ಲಿ ಬರೆದಿದ್ದ ಒಂದು ಪ್ಯಾನೆಲ್. ಬೆಲೆ 2,200 ರೂಪಾಯಿ. ಡಬ್ಬಿ ಬಿಚ್ಚಿ ಹರಡಿದರೆ ಎರಡು ಎ4 ಹಾಳೆ ಜೋಡಿಸಿದಷ್ಟು ಅಗಲ. ಒಳ್ಳೆಯ ಬಿಸಿಲಿನಲ್ಲಿ ಮೀಟರ್ ಹಚ್ಚಿ ನೋಡಿದೆ, 14 ವ್ಯಾಟ್ ದಾಟಲೇ ಇಲ್ಲ. ಮಾರಿದವನಿಗೆ ಬರೆದರೆ "ಸರ್, ಮೋಡ ಇದ್ದಿರಬೇಕು" ಅಂದ. ಫೆಬ್ರವರಿಯಲ್ಲಿ, ಪುಣೆಯಲ್ಲಿ, ಮೋಡವಂತೆ!

ಆಮೇಲೆ ಲೆಕ್ಕ ಹಾಕಿದೆ. ಇದು ನಿಮಗೂ ಉಪಯೋಗಕ್ಕೆ ಬರುತ್ತದೆ. ಪ್ಯಾನೆಲ್‌ಗಳ ಮೇಲೆ ಬರೆಯುವ ವ್ಯಾಟ್ ಪ್ರಯೋಗಾಲಯದ ಲೆಕ್ಕ: ಒಂದು ಚದರ ಮೀಟರಿಗೆ 1,000 ವ್ಯಾಟ್ ಬೆಳಕು, ಸೆಲ್‌ನ ಬಿಸಿ 25 ಡಿಗ್ರಿ. ಈಗ ಸಿಗುವ ಒಳ್ಳೆಯ ಮೊನೊ ಸೆಲ್ (ಒಂದೇ ಹರಳಿನ ಸಿಲಿಕಾನ್‌ನದು) ಅದರಲ್ಲಿ ಸುಮಾರು ಐದನೇ ಒಂದು ಪಾಲನ್ನು ಕರೆಂಟ್ ಮಾಡುತ್ತದೆ. ಅಂದರೆ ಚದರ ಮೀಟರಿಗೆ 200 ವ್ಯಾಟ್, ಸ್ವಲ್ಪ ಮೇಲೆ ಕೆಳಗೆ. ಎರಡು ಎ4 ಹಾಳೆ ಎಂದರೆ 0.125 ಚದರ ಮೀಟರ್. ಅದರಿಂದ 25 ವ್ಯಾಟ್ ಬಂದರೆ ದೊಡ್ಡದು, 100 ಬರಬೇಕಾದರೆ ಸೂರ್ಯನೇ ನಾಲ್ಕು ಬೇಕು. ಹಾಗಾಗಿ ಕೊಳ್ಳುವ ಮೊದಲು ಬಿಚ್ಚಿದಾಗಿನ ಉದ್ದ ಅಗಲ ಮೀಟರಿನಲ್ಲಿ ನೋಡಿ, ಗುಣಿಸಿ, ಬಂದದ್ದನ್ನು 200ರಿಂದ ಗುಣಿಸಿ. ವ್ಯಾಟ್ ಸಂಖ್ಯೆ ಯಾರು ಬೇಕಾದರೂ ಬರೆಯುತ್ತಾರೆ, ಅಳತೆಯಲ್ಲಿ ಸುಳ್ಳು ಹೇಳುವುದು ಕಷ್ಟ.

ಎರಡನೆಯದೇ ಈಗ ನಾನು ವಿಮರ್ಶೆ ಮಾಡುತ್ತಿರುವುದು. 60 ವ್ಯಾಟ್, ನಾಲ್ಕು ಮಡಿಕೆ, 2.1 ಕಿಲೋ, ಕೊಟ್ಟಿದ್ದು 8,900 ರೂಪಾಯಿ. ಬ್ರ್ಯಾಂಡ್ ಹೆಸರು ಹೇಳುವುದಿಲ್ಲ. ಇದೇ ಸರಕು ನಾಲ್ಕೈದು ಹೆಸರಿನಲ್ಲಿ ಮಾರಾಟಕ್ಕಿದೆ, ಚೀಲದ ಬಣ್ಣ ಮಾತ್ರ ಬೇರೆ. ಒಂದು ಯುಎಸ್‌ಬಿ, ಒಂದು ಟೈಪ್-ಸಿ, ಒಂದು 18 ವೋಲ್ಟಿನ ಡಿಸಿ ತಂತಿ ಇದೆ.

ಬಂದ ದಿನ ಅವ್ವ ಧಾರವಾಡದಿಂದ ಬಂದಿದ್ದರು. ಟೆರೇಸಿನ ಮೇಲೆ ಹರಡಿದ್ದನ್ನು ನೋಡಿ, "ಏನಪಾ ಇದು, ಸಂಡಿಗಿ ಒಣಗಿಸಾಕ ಇಟ್ಟಂಗ ಇಟ್ಟೀಯಲ್ಲ?" ಅಂದರು. ನಾನು ನಕ್ಕು ಕೆಳಗೆ ಹೋಗಿ ಆಫೀಸಿನ ಮೀಟಿಂಗ್‌ನಲ್ಲಿ ಕೂತೆ. ಎರಡು ತಾಸು ಬಿಟ್ಟು ಬಂದರೆ ಪ್ಯಾನೆಲ್ ನಾನಿಟ್ಟ ಜಾಗದಲ್ಲಿ ಇರಲಿಲ್ಲ. ನೀರಿನ ಟ್ಯಾಂಕಿನ ನೆರಳು ಬರುತ್ತದೆ ಅಂತ ಅವ್ವ ಅದನ್ನು ಆಚೆ ಎಳೆದು, ಹಿಂದೆ ಎರಡು ಇಟ್ಟಿಗೆ ಕೊಟ್ಟು, ಬಿಸಿಲಿಗೆ ಮುಖ ಮಾಡಿ ನಿಲ್ಲಿಸಿದ್ದರು! ಸಂಡಿಗೆ ಹಾಕಿ ಗೊತ್ತಿದ್ದವರಿಗೆ ನೆರಳು ಯಾವ ಹೊತ್ತಿಗೆ ಎಲ್ಲಿಗೆ ಸರಿಯುತ್ತದೆ ಅಂತ ಹೇಳಿಕೊಡಬೇಕಿಲ್ಲ. ಈ ಪ್ಯಾನೆಲ್ ಜೊತೆ ಬಂದ ಪುಸ್ತಿಕೆಯಲ್ಲಿ ಇಷ್ಟು ಉಪಯೋಗದ ಮಾತು ಒಂದೂ ಇಲ್ಲ.

ನೆರಳಿನ ವಿಷಯ ಸುಮ್ನೆ ಹೇಳುತ್ತಿಲ್ಲ. ಪ್ಯಾನೆಲ್ ಒಳಗಿನ ಸೆಲ್‌ಗಳು ಒಂದರ ಹಿಂದೆ ಒಂದು ಜೋಡಣೆಯಾಗಿರುತ್ತವೆ, ದೀಪಾವಳಿಯ ಸೀರಿಯಲ್ ಸೆಟ್ ಇದ್ದ ಹಾಗೆ. ಒಂದು ಬಲ್ಬ್ ಹೋದರೆ ಸಾಲೇ ಹೋಗುತ್ತಿತ್ತಲ್ಲ, ಹಾಗೇ ಒಂದು ಸೆಲ್ ನೆರಳಿಗೆ ಬಿದ್ದರೆ ಉಳಿದವುಗಳ ಕರೆಂಟಿಗೂ ಅಲ್ಲೇ ಅಡ್ಡಿ. ಬೈಪಾಸ್ ಡಯೋಡ್ ಹಾಕಿದ್ದರೆ ಕರೆಂಟ್ ಸುತ್ತಿ ಬಳಸಿ ಹೋಗುತ್ತದೆ, ಅಗ್ಗದ ಮಾಲಿನಲ್ಲಿ ಅದನ್ನೂ ಉಳಿಸಿರುತ್ತಾರೆ. ನನ್ನದರಲ್ಲಿ ಒಂದು ಮಡಿಕೆಯ ಮೇಲೆ ಟವೆಲ್ ಹಾಕಿ ನೋಡಿದೆ. 41 ವ್ಯಾಟ್ ಇದ್ದದ್ದು 9ಕ್ಕೆ ಇಳಿಯಿತು. ಕಾಲು ಭಾಗ ಮುಚ್ಚಿದರೆ ಕಾಲು ಭಾಗ ಹೋಗುತ್ತದೆ ಅಂತ ಅಂದುಕೊಂಡಿದ್ದೆ, ಮುಕ್ಕಾಲಿಗಿಂತ ಜಾಸ್ತಿ ಹೋಯಿತು.

ಇಷ್ಟು ಗೊತ್ತಿದ್ದೂ ರಾಜಗಡ ಕೋಟೆಗೆ ಹೊತ್ತುಕೊಂಡು ಹೋದೆ. ಜಾಹೀರಾತಿನ ಫೋಟೋದಲ್ಲಿ ಒಬ್ಬ ಹುಡುಗ ಬ್ಯಾಗಿನ ಹಿಂದೆ ಪ್ಯಾನೆಲ್ ನೇತುಹಾಕಿಕೊಂಡು ಬೆಟ್ಟ ಹತ್ತುತ್ತಿರುತ್ತಾನಲ್ಲ, ನೋಡಲು ಚೆಂದ. ಗುಂಜವಣೆಯಿಂದ ಚೋರ್ ದರವಾಜಾ ದಾರಿ ಹಿಡಿದೆವು. ಮೊದಲು ಮರಗಳ ನೆರಳು. ಮೇಲೆ ಬಿಸಿಲು ಬಂದರೂ ದಾರಿ ತಿರುಗಿದ ಹಾಗೆ ಬೆನ್ನೂ ತಿರುಗುತ್ತದೆ, ಸೂರ್ಯ ಒಮ್ಮೆ ಎದೆಯ ಕಡೆ, ಒಮ್ಮೆ ಬಲಭುಜದ ಕಡೆ. ನಾಲ್ಕು ಮಡಿಕೆಯೂ ಬಿಚ್ಚಿ ಜೋತುಬಿದ್ದಿದ್ದರಿಂದ ಹೆಜ್ಜೆ ಹೆಜ್ಜೆಗೂ ಮಂಡಿಯ ಹಿಂದೆ ಬಡಿಯುತ್ತಿತ್ತು. ಕಂಬಿ ಹಿಡಿದು ಹತ್ತುವ ಕಡಿದಾದ ಜಾಗದಲ್ಲಿ ಗಾಳಿಗೆ ಹಾರಿ ಹಿಂದಿದ್ದ ಗೆಳೆಯನ ಮುಖಕ್ಕೇ ತಾಗಿತು, ಅವನು ಆಡಿದ ಮರಾಠಿ ಇಲ್ಲಿ ಬರೆಯುವಂಥದ್ದಲ್ಲ. ಮೂರು ತಾಸಿನ ಗಳಿಕೆ: 20,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ಒಂದೇ ಒಂದು ದೀಪದ ಮಿಣುಕು.

ಇಲ್ಲೇ ಇನ್ನೊಂದು ಲೆಕ್ಕ. 20,000 ಎಂಎಎಚ್ ಪವರ್ ಬ್ಯಾಂಕ್ ಅಂದರೆ 3.7 ವೋಲ್ಟಿನಲ್ಲಿ 74 ವ್ಯಾಟ್-ಅವರ್ (ಒಂದು ವ್ಯಾಟ್ ಒಂದು ತಾಸು ಹರಿದರೆ ಒಂದು ವ್ಯಾಟ್-ಅವರ್). ದಾರಿಯಲ್ಲಿ ಪೋಲಾಗುವುದು ಕಳೆದರೂ ಮಾಮೂಲಿ ಫೋನನ್ನು ಎರಡೂವರೆ ಸಲ ಪೂರ್ತಿ ತುಂಬಿಸುತ್ತದೆ. ತೂಕ ಸುಮಾರು 400 ಗ್ರಾಂ. ಅಂಥವು ಎರಡು ಒಯ್ದರೆ 800 ಗ್ರಾಂ, ಎರಡು ದಿನ ಒಬ್ಬನಿಗೆ ಧಾರಾಳ ಸಾಕು. ಪ್ಯಾನೆಲ್ ಒಯ್ದರೂ ಪವರ್ ಬ್ಯಾಂಕ್ ತಪ್ಪುವುದಿಲ್ಲ, ಮೇಲೆ 2.1 ಕಿಲೋ ಬೇರೆ.

ಹಾಗಾದರೆ ಎಸೆದುಬಿಡುವುದಾ? ಇಲ್ಲ. ಜನವರಿಯಲ್ಲಿ ಭಂಡಾರದರಾ ಕಡೆ ಹೋದಾಗ ಇದೇ ಪ್ಯಾನೆಲ್ ಮರ್ಯಾದೆ ಉಳಿಸಿತು. ಸಾಮ್ರದ್ ಹಳ್ಳಿಯ ಹೊರಗೆ, ಸಂಧಾನ್ ಕಣಿವೆಗೆ ಇಳಿಯುವ ಕಡೆ, ಭತ್ತ ಕೊಯ್ದು ಖಾಲಿಯಾಗಿದ್ದ ಗದ್ದೆಯಲ್ಲಿ ಕೇಳಿಕೊಂಡು ಟೆಂಟ್ ಹಾಕಿದೆವು. ನಾಲ್ಕು ಜನ, ನಾಲ್ಕು ರಾತ್ರಿ. ಇಬ್ಬರಿಗೆ ನಕ್ಷತ್ರದ ಫೋಟೋ ತೆಗೆಯುವ ಹುಚ್ಚು, ಚಳಿಗೆ ಕ್ಯಾಮೆರಾ ಬ್ಯಾಟರಿ ಬೇಗ ಬೇಗ ಕುಸಿಯುತ್ತಿತ್ತು. ಗೆಳೆಯನ ಹತ್ತಿರ 240 ವ್ಯಾಟ್-ಅವರ್‌ನ ಸಣ್ಣ ಪವರ್ ಸ್ಟೇಷನ್, ಅಂದರೆ ಹೊತ್ತೊಯ್ಯುವ ಬ್ಯಾಟರಿ ಪೆಟ್ಟಿಗೆ, ಇತ್ತು, ಗಾಡಿ ಗದ್ದೆಯ ಪಕ್ಕದವರೆಗೂ ಹೋಗುವುದರಿಂದ ತೂಕದ ಚಿಂತೆ ಇರಲಿಲ್ಲ.

ಅಲ್ಲಿ ಬೆಳಗಿನಿಂದ ಸಂಜೆಯವರೆಗೂ ಅವ್ವನ ಪಾಠ ಜಾರಿಗೆ ತಂದೆ. ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಮಧ್ಯಾಹ್ನವೂ ನೆತ್ತಿಗೆ ಬರುವುದಿಲ್ಲ, ಆಕಾಶದ ಅರ್ಧಕ್ಕಿಂತ ತುಸು ಮೇಲೆ ಅಷ್ಟೇ. ನೆಲದ ಮೇಲೆ ಚಪ್ಪಟೆಯಾಗಿ ಹಾಸಿದರೆ 32 ವ್ಯಾಟ್ ಬಂತು. ಗದ್ದೆಯ ಬದುವಿಗೆ ಒರಗಿಸಿ ಸೂರ್ಯನಿಗೆ ಎದುರು ಮಾಡಿದರೆ 43. ಒಂದು ಪೈಸೆ ಖರ್ಚಿಲ್ಲದೆ ಮೂರನೇ ಒಂದು ಪಾಲು ಜಾಸ್ತಿ! ಸರಿಯಾದ ಕೋನ ಕಂಡುಹಿಡಿಯಲು ಒಂದು ಪೆನ್ ಸಾಕು: ಪ್ಯಾನೆಲ್ ಮೇಲೆ ನೆಟ್ಟಗೆ ಹಿಡಿಯಿರಿ, ನೆರಳು ಪೆನ್ನಿನ ಬುಡದಲ್ಲೇ ಅಡಗಿದರೆ ಸರಿಯಾಗಿದೆ ಅಂತ. ಮುಕ್ಕಾಲು ತಾಸಿಗೊಮ್ಮೆ ಎದ್ದು ಸ್ವಲ್ಪ ತಿರುಗಿಸುತ್ತಿದ್ದೆ. ಒಂಬತ್ತರಿಂದ ನಾಲ್ಕರವರೆಗೆ ದಿನಕ್ಕೆ ಸುಮಾರು 190 ವ್ಯಾಟ್-ಅವರ್ ಸಿಕ್ಕಿತು. ನಮ್ಮ ಖರ್ಚು, ನಾಲ್ಕು ಫೋನ್, ಎರಡು ಕ್ಯಾಮೆರಾ ಬ್ಯಾಟರಿ, ಒಂದು ಎಲ್‌ಇಡಿ ದೀಪ, ಎಲ್ಲ ಸೇರಿ 140ರ ಆಸುಪಾಸು. ನಾಲ್ಕನೇ ದಿನವೂ ಬ್ಯಾಟರಿ ತುಂಬಿಯೇ ಇತ್ತು. ಹಳ್ಳಿಯ ಮಾವ್ಶಿ ಊಟಕ್ಕೆ ಪಿಠ್ಲ, ರಾಗಿ ಭಾಕರಿ ಕೊಡುತ್ತಿದ್ದರು (ಪಿಠ್ಲ ಅಂದರೆ ನಮ್ಮ ಜುಣಕದ ಅಕ್ಕನೇ, ತುಸು ತೆಳ್ಳಗೆ), ಅವರೂ ಒಂದು ದಿನ ಫೋನ್ ಚಾರ್ಜ್ ಮಾಡಿಕೊಂಡು ಹೋದರು.

ಆದರೆ ಇದನ್ನು ಟೈಪ್-ಸಿ ರಂಧ್ರದಿಂದ ಮಾಡಲು ಹೋಗಬೇಡಿ. ಡಬ್ಬಿಯ ಮೇಲೆ ಬರೆದಿರುವುದು 60, ಟೈಪ್-ಸಿ ಕೊಡುವುದು ಜಾಸ್ತಿ ಅಂದರೆ 18 ವ್ಯಾಟ್. ಪೂರ್ತಿ ಬೇಕಾದರೆ ಡಿಸಿ ತಂತಿಯನ್ನೇ ಹಚ್ಚಬೇಕು, ಅದನ್ನು ತೆಗೆದುಕೊಳ್ಳುವ ಬ್ಯಾಟರಿ ನಿಮ್ಮ ಹತ್ತಿರ ಇರಬೇಕು. ಬರೀ ಫೋನ್, ಪವರ್ ಬ್ಯಾಂಕ್ ಇರುವವರಿಗೆ 60 ವ್ಯಾಟ್ ಪ್ಯಾನೆಲ್ ಕೊಂಡರೂ 28 ವ್ಯಾಟಿನದ್ದು ಕೊಂಡರೂ ಹೆಚ್ಚು ಫರಕಿಲ್ಲ. ಮಾರುವವರು ಈ ಮಾತನ್ನು ಎಲ್ಲಿಯೂ ಹೇಳುವುದಿಲ್ಲ, ನನಗೆ ಸಿಟ್ಟು ಬಂದದ್ದು ಇದಕ್ಕೇ. ಜೊತೆಗೆ ಕೊಟ್ಟ ಡಿಸಿ ತಂತಿಯೂ ಒಂದೂವರೆ ಮೀಟರ್, ಬ್ಯಾಟರಿಯನ್ನು ನೆರಳಿನಲ್ಲಿ ಇಡೋಣ ಅಂದರೆ ಎಟಕುವುದಿಲ್ಲ. ಬುಧವಾರ ಪೇಠೆಯ ತಾಪ್ಕೀರ್ ಗಲ್ಲಿಗೆ ಹೋಗಿ ಐದು ಮೀಟರಿನ ದಪ್ಪ ತಂತಿ ಮಾಡಿಸಿಕೊಂಡೆ, 380 ರೂಪಾಯಿ. ತೆಳು ತಂತಿ ಉದ್ದ ಮಾಡಿದರೆ ವೋಲ್ಟೇಜ್ ದಾರಿಯಲ್ಲೇ ಕರಗುತ್ತದೆ, ಅದಕ್ಕೇ ದಪ್ಪದ್ದು. ಅಂಗಡಿಯವನು ಎರಡು ತುದಿಗೂ ಬೆಸುಗೆ ಹಾಕಿ, ಮೀಟರ್ ಹಚ್ಚಿ ತೋರಿಸಿಯೇ ಕೊಟ್ಟ. ಈ ಇಡೀ ವ್ಯವಹಾರದಲ್ಲಿ ಪೂರ್ತಿ ಅಂಕ ಕೊಡಬಹುದಾದವನು ಅವನೊಬ್ಬನೇ.

ಮೋಡದ ಕಿರಿಕಿರಿ ಬೇರೆ. ಪವರ್ ಬ್ಯಾಂಕ್ ನೇರ ಹಚ್ಚಿದ್ದಾಗ ಒಂದು ಮೋಡ ಹಾದುಹೋದರೆ ಚಾರ್ಜಿಂಗ್ ನಿಲ್ಲುತ್ತದೆ, ಬಿಸಿಲು ಮರಳಿದರೂ ಕೆಲವು ಪವರ್ ಬ್ಯಾಂಕ್‌ಗಳು ತಾವಾಗಿ ಶುರು ಮಾಡುವುದಿಲ್ಲ. ತಂತಿ ಕಿತ್ತು ಮತ್ತೆ ಚುಚ್ಚಬೇಕು. ಒಮ್ಮೆ ಹೀಗೆ ಕಣಿವೆಗೆ ಇಳಿದು ವಾಪಸ್ ಬರುವಷ್ಟರಲ್ಲಿ ಎರಡು ತಾಸಿನ ಬಿಸಿಲು ವ್ಯರ್ಥವಾಗಿತ್ತು.

ಬೇಸಿಗೆಯಲ್ಲಿ ಜಾಸ್ತಿ ಬರಬಹುದು ಅಂತ ಮೇ ತಿಂಗಳಲ್ಲಿ ಭೋರ್ ಹತ್ತಿರದ ರಾಯರೇಶ್ವರಕ್ಕೆ ಒಯ್ದೆ. ಕಬ್ಬಿಣದ ಏಣಿ ಹತ್ತಿ ಮೇಲೆ ಹೋದರೆ ಬಟಾಬಯಲು, ನೆರಳಿನ ಸುಳಿವಿಲ್ಲ. ಮೇ ಮಧ್ಯದಲ್ಲಿ ಪುಣೆ ಸೀಮೆಯಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ, ಆಗ ಚಪ್ಪಟೆಯಾಗಿ ಹಾಸಿದರೇ ಸರಿ. ಅಂಥ ಉರಿಬಿಸಿಲಿನಲ್ಲಿ ಬಂದದ್ದು 38 ವ್ಯಾಟ್, ಜನವರಿಗಿಂತ ಕಡಿಮೆ! ಕಾರಣ ಬಿಸಿ. ಸೆಲ್ 25 ಡಿಗ್ರಿಯ ಮೇಲೆ ಒಂದೊಂದು ಡಿಗ್ರಿ ಕಾದಂತೆ ಶೇ 0.35ರಿಂದ 0.4ರಷ್ಟು ಕಳೆದುಕೊಳ್ಳುತ್ತದೆ. ಬಂಡೆಯ ಮೇಲೆ ಹಾಸಿದ ಕಪ್ಪು ಪ್ಯಾನೆಲ್ 65 ಡಿಗ್ರಿ ಮುಟ್ಟುವುದು ಏನೂ ದೊಡ್ಡ ಮಾತಲ್ಲ. ನಾಲ್ಕು ಕಲ್ಲು ಕೊಟ್ಟು ನೆಲದಿಂದ ಎತ್ತಿ, ಅಡಿಯಲ್ಲಿ ಗಾಳಿ ಆಡುವಂತೆ ಮಾಡಿದ ಮೇಲೆ ಎರಡು ಮೂರು ವ್ಯಾಟ್ ಏರಿತು. ಇನ್ನು ಹಿಂದೆ ಕೊಟ್ಟಿರುವ ಜೇಬಿನಲ್ಲಿ ಫೋನ್ ಇಡಬೇಡಿ. ಅದು ಜೇಬಲ್ಲ, ಒಲೆ. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿಯ ಮೇಲೆ ಚಾರ್ಜ್ ಮಾಡಬಾರದು, ನನ್ನ ಫೋನ್ ತಾನೇ ಎಚ್ಚರಿಕೆ ಕೊಟ್ಟು ನಿಂತುಕೊಂಡಿತು.

ಮಳೆಗಾಲದ ಬಗ್ಗೆ ಎರಡೇ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಹ್ಯಾದ್ರಿಯಲ್ಲಿ ಮಂಜು ಮುಸುಕಿರುತ್ತದೆ, ನನಗೆ ಸಿಕ್ಕಿದ್ದು 3 ವ್ಯಾಟ್. ಮನೆಯಲ್ಲೇ ಬಿಡಿ.

ಗಟ್ಟಿತನ ಪರವಾಗಿಲ್ಲ. ಮೇಲಿನ ಪದರ ಇಟಿಎಫ್‌ಇ (ಬಿಸಿಲಿಗೆ ಬಾಳುವ ಪ್ಲಾಸ್ಟಿಕ್) ಅಂತ ಹೇಳಿದ್ದರು, ಇನ್ನೂ ಹಳದಿ ತಿರುಗಿಲ್ಲ. ಮೊದಲಿನ ಅಗ್ಗದ ಪ್ಯಾನೆಲ್‌ನದು ಪೆಟ್ (ನೀರಿನ ಬಾಟಲಿಯ ಪ್ಲಾಸ್ಟಿಕ್) ಪದರ, ಒಂದೇ ಬೇಸಿಗೆಗೆ ಮಂಕಾಗಿ ಅಂಚಿನಲ್ಲಿ ಗುಳ್ಳೆ ಎದ್ದಿದೆ. ಆದರೆ ಚೀಲದ ಜಿಪ್ ಐದನೇ ತಿಂಗಳಿಗೆ ಹೋಯಿತು. ವಾರಂಟಿ ಕೇಳಿದರೆ "ಜಿಪ್ ಸೋಲಾರ್ ಭಾಗ ಅಲ್ಲ ಸರ್" ಅಂತ ಮೂರು ವಾರ ಬಿಟ್ಟು ಉತ್ತರ ಬಂತು. ಕೋಥ್ರೂಡ್‌ನಲ್ಲಿ ಬ್ಯಾಗ್ ಹೊಲಿಯುವವರು 120 ರೂಪಾಯಿಗೆ ಹೊಸದು ಹಾಕಿಕೊಟ್ಟರು.

14 ತಿಂಗಳಲ್ಲಿ ನಿಜವಾಗಿ ಉಪಯೋಗಕ್ಕೆ ಬಂದದ್ದು 11 ದಿನ. ದಿನಕ್ಕೆ 800 ರೂಪಾಯಿಯ ಮೇಲೆ ಬಿತ್ತು. ಇಷ್ಟಕ್ಕೆ ಒಬ್ಬೊಬ್ಬರೇ ಕೊಳ್ಳುವುದಕ್ಕಿಂತ ನಾಲ್ಕು ಜನ ಸೇರಿ ಒಂದು ಇಟ್ಟುಕೊಳ್ಳುವುದು ವಾಸಿ, ಅಲ್ವಾ? ಪುಣೆಯಲ್ಲಿರುವ ಕನ್ನಡದವರು ಯಾರಾದರೂ ಚಳಿಗಾಲದಲ್ಲಿ ನಾಲ್ಕು ದಿನ ಎಲ್ಲಾದರೂ ಬೀಡುಬಿಡುವುದಿದ್ದರೆ ಕೇಳಿ, ನನ್ನದನ್ನೇ ಕೊಡುತ್ತೇನೆ. ತಾಪ್ಕೀರ್ ಗಲ್ಲಿಯ ತಂತಿಯೂ ಜೊತೆಗೇ ಇದೆ. ರಾಜಗಡಕ್ಕೆ ಅಂದರೆ ಮಾತ್ರ ಕೊಡುವುದಿಲ್ಲ.