ಕರಾವಳಿ ಹಿತ್ತಲಿಗೆ ಯಾವ ಬೀನ್ಸ್? ನನ್ನ ಓಟು ಅರ್ಕಾ ಅನೂಪ್‌ಗೆ

ಅರ್ಕಾ ಅನೂಪ್ ತಗೊಳ್ಳಿ. ಯಾಕೆ ಅಂತ ಕೇಳುವವರಿಗೆ ಮಾತ್ರ ಮುಂದಿನದ್ದು.

ಹಿರಿಯಡ್ಕದ ನಮ್ಮ ಹಿತ್ತಲಿನಲ್ಲಿ ಅನೂಪ್ ಪಕ್ಕದಲ್ಲೇ ಅರ್ಕಾ ಕೋಮಲ್, ಅರ್ಕಾ ಸುಕೋಮಲ್ ಮತ್ತು ಅಂಗಡಿಯ ಒಂದು ‘ರೋಗ ನಿರೋಧಕ’ ಪ್ಯಾಕೆಟ್ ಸಾಲು ಹಾಕಿ ನೋಡಿದ್ದೇನೆ. ಅರ್ಕಾ ಅಂತ ಶುರುವಾಗುವವೆಲ್ಲ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿಗಳು. ಕಾಯಿ ಎಷ್ಟುದ್ದ, ಬಣ್ಣ ಯಾವುದು ಅನ್ನುವುದು ಪ್ಯಾಕೆಟ್ ಮೇಲೆಯೇ ಇರುತ್ತದೆ, ಅದನ್ನು ಬಿಡುತ್ತೇನೆ.

ಬೀನ್ಸ್ ನಮ್ಮ ಕಡೆಯ ಬೆಳೆಯೇ ಅಲ್ಲ, ಅಲ್ವಾ? ನಮ್ಮದೇನಿದ್ದರೂ ಅಲಸಂಡೆ, ಬೆಂಡೆ, ಮಟ್ಟುಗುಳ್ಳ. ಉಡುಪಿ ಮಾರ್ಕೆಟಿಗೆ ಬೀನ್ಸ್ ಘಟ್ಟ ಇಳಿದು ಬರುತ್ತದೆ. ಮಳೆಗಾಲದಲ್ಲಿ ಹಾಕಿದರೆ ಬುಡ ಕೊಳೆಯುತ್ತದೆ, ಬೇಸಿಗೆಯಲ್ಲಿ ಹಾಕಿದರೆ ಸೆಕೆಗೆ ಹೂವು ಉದುರುತ್ತದೆ. ಉಳಿಯುವುದು ನವೆಂಬರಿನಿಂದ ಜನವರಿ ಕೊನೆಯವರೆಗಿನ ಚಿಕ್ಕ ಅವಧಿ. ಆಗ ಬೆಳಗಿನ ಜಾವ ಇಬ್ಬನಿ, ಹಗಲು ಒಳ್ಳೆಯ ಬಿಸಿಲು. ಬೀನ್ಸಿಗೂ ಖುಷಿ, ಅದರ ರೋಗಗಳಿಗೂ ಖುಷಿ.

ಈ ಇಬ್ಬನಿಯದ್ದೇ ನನ್ನ ದೊಡ್ಡ ತಲೆನೋವು.

ನಾನು ಕೆಲಸಕ್ಕೆ ಮಣಿಪಾಲಕ್ಕೆ ಹೋಗುವವ. ಕಳೆ ಕೀಳುವುದು, ನೀರು ಬಿಡುವುದು, ಕಾಯಿ ಕೊಯ್ಯುವುದು ಎಲ್ಲ ಬೆಳಿಗ್ಗೆ ಬಸ್ಸಿಗೆ ಮುಂಚೆ ಮುಗಿಯಬೇಕು. ಸಂಜೆ ಮನೆ ಮುಟ್ಟುವಾಗ ಕತ್ತಲು. ಅಂದರೆ ನಾನು ಗಿಡ ಮುಟ್ಟುವ ಹೊತ್ತಿಗೆ ಎಲೆ ಯಾವಾಗಲೂ ಒದ್ದೆ. ಬೀನ್ಸ್ ಬೆಳೆಯುವವರಿಗೆ ಎಲ್ಲರೂ ಹೇಳುವ ಮೊದಲ ಬುದ್ಧಿಮಾತು ಏನು ಗೊತ್ತಾ? ಒದ್ದೆ ಎಲೆ ಮುಟ್ಟಬೇಡಿ.

ಆ ಮಾತು ಸುಮ್ನೆ ಹೇಳಿದ್ದಲ್ಲ. ದುಂಡಾಣು ಅಂಗಮಾರಿ ಅಂತ ಒಂದು ರೋಗ ಇದೆ. ಕ್ಸಾಂತೊಮೊನಾಸ್ ಜಾತಿಯ ಬ್ಯಾಕ್ಟೀರಿಯಾ ತರುವಂಥದ್ದು. ಎಲೆಯ ಮೇಲೆ ನೀರಿನ ಪದರ ಇದ್ದರೆ ಉಸಿರುರಂಧ್ರದಿಂದಲೋ ಸಣ್ಣ ಗಾಯದಿಂದಲೋ ಒಳಗೆ ಹೋಗುತ್ತದೆ. ಮೊದಲು ನೀರಲ್ಲಿ ನೆನೆದ ಹಾಗೆ ಚುಕ್ಕೆ, ಆಮೇಲೆ ಕಂದು ಮಚ್ಚೆ, ಅದರ ಸುತ್ತ ಹಳದಿ ಅಂಚು. ಒಂದು ಗಿಡದ ನೀರು ನಮ್ಮ ಕೈಯಲ್ಲಿ, ಅಂಗಿಯ ತೋಳಿನಲ್ಲಿ ಇನ್ನೊಂದು ಗಿಡಕ್ಕೆ ಹೋಗುತ್ತದೆ. ಪೈಪಿನಲ್ಲಿ ಮೇಲಿಂದ ನೀರು ಹಾರಿಸಿದರೆ ಇನ್ನೂ ಬೇಗ.

ಇದರ ಜೊತೆಗೆ ತುಕ್ಕು ರೋಗ. ಅದು ಶಿಲೀಂಧ್ರದ್ದು. ಎಲೆ ಅಡಿಯಲ್ಲಿ ಸಣ್ಣ ಕಂದು ಗುಳ್ಳೆ, ಬೆರಳಲ್ಲಿ ಉಜ್ಜಿದರೆ ಪುಡಿ ಬರುತ್ತದೆ. ಅದಕ್ಕೂ ಒದ್ದೆ ಎಲೆ ಬೇಕು, ಆದರೆ 17ರಿಂದ 27 ಡಿಗ್ರಿಯ ತಂಪು ಇಷ್ಟ. ಅಂಗಮಾರಿಗೆ 28 ಡಿಗ್ರಿಯ ಆಸುಪಾಸಿನ ಬೆಚ್ಚಗೆ ಇದ್ದರೆ ಹಬ್ಬ. ನಮ್ಮ ಡಿಸೆಂಬರಿನ ಹಗಲು ಅದಕ್ಕಿಂತ ಕಡಿಮೆ ಇರುವುದುಂಟಾ? ಹಾಗಾಗಿ ಘಟ್ಟದ ಮೇಲಿನವರ ಹಾಗೆ ನಾವು ತುಕ್ಕು ಒಂದನ್ನೇ ನೋಡಿ ಬೀಜ ತಗೊಂಡರೆ ಸಾಲದು. ಪ್ಯಾಕೆಟ್ ಮೇಲೆ ಅಂಗಮಾರಿಯ ಹೆಸರೂ ಇರಬೇಕು.

ಅರ್ಕಾ ಕೋಮಲ್ ಇಲ್ಲೇ ಸೋಲುವುದು. ರುಚಿಗೆ ಅದನ್ನು ಮೀರಿದ್ದಿಲ್ಲ. ಅಮ್ಮ ಅದರ ಉಪ್ಕರಿ ಮಾಡಿದ ದಿನ ಬೇರೆ ಪದಾರ್ಥ ಬೇಡ. ಆದರೆ ನನ್ನ ಒದ್ದೆ ಕೈಯ ಕೊಯ್ಲಿಗೆ ಅದು ತಡೆಯಲಿಲ್ಲ. ಹೂವು ಬಂದು ಕಾಯಿ ಕಟ್ಟುವ ಹೊತ್ತಿಗೆ ಕೆಳಗಿನ ಎಲೆಗಳೆಲ್ಲ ಸುಟ್ಟ ಹಾಗೆ, ಕಾಯಿ ಮೇಲೂ ಮಚ್ಚೆ. ಅಂಗಮಾರಿ ಬೀಜದೊಳಗೇ ಕೂತು ಮುಂದಿನ ವರ್ಷಕ್ಕೂ ಬರುತ್ತದೆ. ಆ ಸಾಲಿನಿಂದ ಬೀಜ ಎತ್ತಿಡುವ ಮಾತೇ ಇಲ್ಲ.

ಅನೂಪ್ ಬೇರೆ ಯಾರೂ ಅಲ್ಲ, ಕೋಮಲ್‌ನ ಮಗನೇ. ಅರ್ಕಾ ಬೋಲ್ಡ್ ಅಂತ ತುಕ್ಕು ತಡೆಯುವ ತಳಿಗೂ ಕೋಮಲ್‌ಗೂ ಸಂಕರ ಮಾಡಿ ಆರಿಸಿದ್ದು. ತುಕ್ಕು, ಅಂಗಮಾರಿ ಎರಡನ್ನೂ ತಡೆಯುವ ತಳಿ ಅಂತಲೇ ಬಿಡುಗಡೆಯಾದದ್ದು. ಸಂಕರ ಅಂದಷ್ಟು ಸುಲಭ ಅಲ್ಲ ಅದು. ಬೀನ್ಸ್ ಹೂವು ಅರಳುವಷ್ಟರಲ್ಲಿ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟಲು ತಯಾರಾಗಿರುತ್ತದೆ. ಅದಕ್ಕೇ ಮೊಗ್ಗಿರುವಾಗಲೇ ಬಿಡಿಸಿ, ಕೇಸರ ಕಿತ್ತು, ಇನ್ನೊಂದು ಗಿಡದ ಪರಾಗ ಹಚ್ಚಬೇಕು. ಆಮೇಲೆ ತಲೆಮಾರು ತಲೆಮಾರು ಬಿತ್ತಿ, ರೋಗ ಬಂದಾಗ ನಿಂತ ಗಿಡಗಳನ್ನೇ ಆರಿಸುತ್ತಾ ಹೋಗಬೇಕು. ರೋಗವೂ ಸುಮ್ಮನಿರುವುದಿಲ್ಲ. ಬೀನ್ಸಿನ ಚಿಬ್ಬು ರೋಗದ ಒಂದು ಬಗೆಗೆ ಜಗ್ಗದ ತಳಿ ಇನ್ನೊಂದು ಬಗೆಗೆ ಬೀಳುತ್ತದೆ ಅಂತ ಅಮೆರಿಕದ ಸಸ್ಯರೋಗ ವಿಜ್ಞಾನಿ ಬ್ಯಾರಸ್ 1911ರಲ್ಲೇ ತೋರಿಸಿದ್ದರು. ತುಕ್ಕಿನಲ್ಲೂ ಅದೇ ಕಥೆ. ಅದಕ್ಕೇ ಅಲ್ಲಿಯ ತಳಿಗಾರರು ಯುಆರ್-3, ಯುಆರ್-4, ಯುಆರ್-11 ಅಂತ ಬೇರೆ ಬೇರೆ ಜೀನ್‌ಗಳನ್ನು ಒಂದೇ ಗಿಡದಲ್ಲಿ ಸೇರಿಸುತ್ತಾರೆ. ಒಂದು ಹೋದರೆ ಇನ್ನೊಂದು ಇರಲಿ ಅಂತ.

ಅಂಗಮಾರಿಯದ್ದು ಇನ್ನೂ ಕಷ್ಟ. ಅದನ್ನು ಪೂರ್ತಿ ತಡೆಯುವ ಒಂದೇ ಒಂದು ಜೀನ್ ಅಂತ ಇಲ್ಲ. ಬೀನ್ಸಿನಲ್ಲಿ ಸಿಕ್ಕಿದ ಶಕ್ತಿ ಸಾಲದೆ, ಮೆಕ್ಸಿಕೊ ಕಡೆಯ ಒಣ ನೆಲದ ಟೆಪರಿ ಬೀನ್ಸ್ ಅನ್ನುವ ದಾಯಾದಿಯ ಜೊತೆ ಸಂಕರ ಮಾಡಿದವರೂ ಇದ್ದಾರೆ. ಆ ಸಂಕರದ ಕಾಯಲ್ಲಿ ಭ್ರೂಣ ಬದುಕುವುದು ಕಷ್ಟ. ಅದನ್ನು ಹೊರಗೆ ತೆಗೆದು ಲ್ಯಾಬಿನಲ್ಲಿ ಬೆಳೆಸಬೇಕಾಗುತ್ತದೆ. ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಅನೂಪ್‌ನ ಕೆಳಗಿನ ಎಲೆಯಲ್ಲಿ ಅಲ್ಲೊಂದು ಇಲ್ಲೊಂದು ಮಚ್ಚೆ ಕಂಡರೆ ಮೋಸ ಹೋದೆ ಅಂದುಕೊಳ್ಳಬೇಡಿ. ಮಚ್ಚೆ ಬಂದರೂ ಹಬ್ಬುವುದಿಲ್ಲ, ಕಾಯಿ ಶುದ್ಧ ಇರುತ್ತದೆ. ನನ್ನ ಹಿತ್ತಲಿನಲ್ಲಿ ನಾನು ಕಂಡದ್ದು ಅದೇ. ಒದ್ದೆ ಕೈಯಲ್ಲೇ ಕೊಯ್ದಿದ್ದೇನೆ, ನಿಂತಿದೆ.

ಸುಕೋಮಲ್ ಬಳ್ಳಿ ಬೀನ್ಸ್. ತುಕ್ಕು ತಡೆಯುತ್ತದೆ, ನಿಜ. ಹತ್ತಿಸಲು ಅಡಿಕೆ ಸಲಾಕೆ, ತೆಂಗಿನ ಹಗ್ಗ ಮನೆಯಲ್ಲೇ ಇದ್ದವು, ಅದರ ಖರ್ಚಿಲ್ಲ. ತೊಂದರೆ ಇರುವುದು ಅವಧಿಯಲ್ಲಿ. ಅನೂಪ್ 70-75 ದಿನಕ್ಕೆ ಮುಗಿಯುತ್ತದೆ. ಸುಕೋಮಲ್‌ಗೆ 100 ದಿನ ಬೇಕು. ಅದರ ಹೆಚ್ಚಿನ ಇಳುವರಿ ಬರುವುದೇ ಆ ಉದ್ದದಿಂದ. ನಮ್ಮಲ್ಲಿ ಫೆಬ್ರವರಿ ಬಂತೆಂದರೆ ಸೆಕೆ, ಬಿಳಿ ನೊಣ, ಅದರ ಹಿಂದೆಯೇ ಎಲೆ ಹಳದಿಯಾಗಿಸುವ ವೈರಸ್ ರೋಗ, ಹಳದಿ ನಂಜು. ಬಳ್ಳಿ ಚಪ್ಪರ ತುಂಬಿ ನಿಂತಿದೆ, ಹೂವು ಮಾತ್ರ ನೆಲದಲ್ಲಿ. ಪಕ್ಕದ ಮನೆಯವರು ಬೇಲಿಯಾಚೆಯಿಂದ ನೋಡಿ, “ಎಂಥ ಮಾರಾಯ್ರೆ, ಚಪ್ಪರ ಮದುವೆಗಾ?” ಅಂತ ಕೇಳಿದರು. ಘಟ್ಟದ ಬುಡದಲ್ಲಿ, ಹೆಬ್ರಿ ಕಡೆ ಸ್ವಲ್ಪ ತಂಪು ಜಾಸ್ತಿ ಇರುವವರು ಬೇಕಾದರೆ ನೋಡಿ. ತಡವಾಗಿ, ಜನವರಿಯಲ್ಲಿ ಬಿತ್ತುವವರು ಹಳದಿ ನಂಜು ತಡೆಯುವ ಅರ್ಕಾ ಅರ್ಜುನ್ ಕೇಳಿ ನೋಡಬಹುದು.

ಇನ್ನು ಅಂಗಡಿಯ ಪ್ಯಾಕೆಟ್. ಬೆಲೆ ಎಲ್ಲಕ್ಕಿಂತ ಜಾಸ್ತಿ. ಮೇಲೆ ದೊಡ್ಡ ಅಕ್ಷರದಲ್ಲಿ ‘ಹೈಬ್ರಿಡ್’, ‘ರೋಗ ನಿರೋಧಕ’. ಯಾವ ರೋಗ ಅಂತ ಎಲ್ಲಿಯೂ ಇಲ್ಲ. ಮೊಗ್ಗು ಮೊಗ್ಗು ಕೈಯಲ್ಲಿ ಬಿಡಿಸಿ ಹೈಬ್ರಿಡ್ ಬೀಜ ಮಾಡಿದರೆ ಆ ಬೆಲೆಗೆ ಯಾರಿಗೂ ಮಾರಲಾಗದು. ಮಾರಾಟಕ್ಕೆ ಬರುವ ಬೀನ್ಸ್ ತಳಿಗಳೆಲ್ಲ ಹೆಚ್ಚುಕಮ್ಮಿ ಶುದ್ಧ ತಳಿಗಳೇ, ಅಂದರೆ ತಮ್ಮದೇ ಪರಾಗದಿಂದ ತಲೆಮಾರು ತಲೆಮಾರು ಒಂದೇ ಥರ ಬರುವಂಥವು. ಇದನ್ನು ಕೌಂಟರಿನಲ್ಲಿ ಹೇಳಿದೆ. ಅವರು ನಕ್ಕು ಚಿಲ್ಲರೆ ಕೊಟ್ಟರು. ಗಿಡಗಳಿಗೆ ತುಕ್ಕೂ ಬಂತು, ಅಂಗಮಾರಿಯೂ ಬಂತು.

ಬುಡ ಕೊಳೆ ರೋಗದಲ್ಲಿ ನಾಲ್ಕೂ ಒಂದೇ. ಬುಡದಲ್ಲಿ ಬಿಳಿ ನೂಲು, ಸಾಸಿವೆಯಂಥ ಕಾಳು ಕಂಡರೆ ಆ ಗಿಡ ಹೋಯಿತು, ಅನೂಪ್ ಆದರೂ ಅಷ್ಟೇ. ಏರು ಮಡಿ ಮಾಡಿ, ನೀರು ನಿಲ್ಲದ ಹಾಗೆ ನೋಡಿಕೊಳ್ಳಿ.

ಖರ್ಚಿನ ಲೆಕ್ಕದಲ್ಲೂ ಅನೂಪ್ ಮುಂದೆ. ಒಮ್ಮೆ ಬೀಜ ತಂದರೆ ಸಾಕು. ತನ್ನಷ್ಟಕ್ಕೆ ತಾನೇ ಪರಾಗಸ್ಪರ್ಶ ಆಗುವುದರಿಂದ ತಳಿ ಕೆಡುವುದಿಲ್ಲ. ಆದರೆ ಮಚ್ಚೆ ಇಲ್ಲದ ಗಿಡದ ಮಚ್ಚೆ ಇಲ್ಲದ ಕಾಯಿಯನ್ನೇ ಬೀಜಕ್ಕೆ ಬಿಡಬೇಕು. ರೋಗ ತಡೆಯುವ ಗಿಡವೂ ಬ್ಯಾಕ್ಟೀರಿಯಾವನ್ನು ಗುಟ್ಟಾಗಿ ಹೊತ್ತಿರಬಹುದು. ನಮ್ಮ ಜೂನ್‌ನ ಥಂಡಿಗೆ ಬೀಜ ಹೊರಗಿಟ್ಟರೆ ಮೊಳಕೆ ಬರುವುದಿಲ್ಲ. ಹಿಂದೆ ಒಲೆಯ ಮೇಲೆ ಹೊಗೆಗೆ ತೂಗುಹಾಕುತ್ತಿದ್ದರು. ಈಗ ಗ್ಯಾಸ್ ಒಲೆ, ಹಾಗಾಗಿ ಚೆನ್ನಾಗಿ ಒಣಗಿಸಿ, ಬೂದಿ ಬೆರೆಸಿ, ಗಾಜಿನ ಬಾಟಲಿಯಲ್ಲಿ ತುಂಬಿ ಫ್ರಿಜ್ಜಿನಲ್ಲಿಡುತ್ತೇನೆ.

ನಿವೃತ್ತರಾಗಿ ಮನೆಯಲ್ಲೇ ಇರುವವರು, ಬಿಸಿಲೇರಿ ಎಲೆ ಒಣಗಿದ ಮೇಲೆ ಕೊಯ್ಯಲು ಸಮಯ ಇರುವವರು ಕೋಮಲ್ ಹಾಕಿ, ರುಚಿ ಸಿಗುತ್ತದೆ. ನನ್ನ ಹಾಗೆ ಬಸ್ಸಿಗೆ ಓಡುವವರಿಗೆ ಅನೂಪ್. ಅಮ್ಮನ ಒತ್ತಾಯಕ್ಕೆ ಕೋಮಲ್‌ನ ಒಂದು ಗಿಡ್ಡ ಸಾಲು ಈ ಸಲವೂ ಬಾವಿ ಕಟ್ಟೆಯ ಆಚೆ ಇರುತ್ತದೆ. ಅದರ ಕೊಯ್ಲು ಭಾನುವಾರ ಮಾತ್ರ, ಅದೂ ಅನೂಪ್ ಕೊಯ್ದು ಮುಗಿದ ಮೇಲೆ.