ಟೆನ್ಸೆಗ್ರಿಟಿಯೋ, ಟ್ರಸ್ಸೋ?

ಗೋಪುರ ಕಟ್ಟೋಕೆ ಟೆನ್ಸೆಗ್ರಿಟಿ ಸರಿಯೋ, ಟ್ರಸ್ (ಸರಳುಗಳನ್ನು ತ್ರಿಕೋನಗಳಾಗಿ ಜೋಡಿಸಿದ ಚೌಕಟ್ಟು) ಸರಿಯೋ ಅಂತ ಕೇಳಿದ್ದೀರಿ. ತೂಕ ಕಡಿಮೆ ಇರಬೇಕು ಅಂದ್ರೆ ಟೆನ್ಸೆಗ್ರಿಟಿ. ಇದರಲ್ಲಿ ಕೊಳವೆಗಳು ಒಂದಕ್ಕೊಂದು ತಾಗುವುದೇ ಇಲ್ಲ. ಬಿಗಿದ ಕೇಬಲ್‌ಗಳೇ ಅವನ್ನು ಗಾಳಿಯಲ್ಲಿ ಹಿಡಿದಿರುತ್ತವೆ. ಅಮೆರಿಕದ ಶಿಲ್ಪಿ ಕೆನೆತ್ ಸ್ನೆಲ್ಸನ್ 1968ರಲ್ಲಿ ಮಾಡಿದ ನೀಡಲ್ ಟವರ್ ಎಂಬ ಶಿಲ್ಪ ಹೀಗೇ ಸುಮಾರು 18 ಮೀಟರ್ ಎತ್ತರಕ್ಕೆ ನಿಂತಿದೆ. ಕೆಳಗಿನಿಂದ ಕತ್ತೆತ್ತಿ ನೋಡಿದರೆ ನಕ್ಷತ್ರದೊಳಗೆ ನಕ್ಷತ್ರ ಕಾಣುತ್ತದೆ!

ಗಟ್ಟಿತನದಲ್ಲಿ ಟ್ರಸ್ಸೇ ಮುಂದೆ. ಟೆನ್ಸೆಗ್ರಿಟಿ ಭಾರಕ್ಕೆ ಜಾಸ್ತಿ ಬಾಗುತ್ತದೆ, ಓಲಾಡುತ್ತದೆ. ಒಂದು ಕೇಬಲ್ ಸಡಿಲವಾದರೂ ಇಡೀ ಆಕಾರ ವಾಲಬಹುದು. ಕಟ್ಟಿ ಸುಮ್ನೆ ಬಿಡೋ ಹಾಗಿಲ್ಲ, ಆಗಾಗ ಬಿಗಿ ನೋಡಬೇಕು. ಖರ್ಚು? ಉಕ್ಕು ಉಳಿಯಬಹುದು, ಕೂಲಿ ಉಳಿಯುವುದು ಕಷ್ಟ.

ಮೇಲೆ ಜನ ಹತ್ತುತ್ತಾರೆ, ಯಂತ್ರ ಕೂರುತ್ತದೆ ಅಂದ್ರೆ ಟ್ರಸ್ ಹಾಕಿ. ಶಿಲ್ಪಕ್ಕೆ, ಮಡಚಿ ಒಯ್ಯುವ ಚೌಕಟ್ಟಿಗೆ ಟೆನ್ಸೆಗ್ರಿಟಿ. ಎರಡರ ನಡುವೆ ಒದ್ದಾಡುತ್ತಿದ್ದರೆ ಬ್ರಿಸ್ಬೇನ್‌ನ ಕುರಿಲ್ಪಾ ಸೇತುವೆಯ ಚಿತ್ರ ನೋಡಿ: 2009ರಲ್ಲಿ ತೆರೆದದ್ದು, ಟೆನ್ಸೆಗ್ರಿಟಿಯನ್ನು ಬೇರೆ ವಿಧಾನದ ಜೊತೆ ಬೆರೆಸಿದ್ದಾರೆ.