ಎರೆಭೂತ ಕಂಡಿರಾ ಎಂದು ಕುರಿಗಾಹಿಗಳನ್ನು ಕೇಳಲು ಕೋಬೊಕಲೆಕ್ಟ್ ಆ್ಯಪ್ ಎಷ್ಟು ಒದಗುತ್ತದೆ?

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸೀಮೆಯಲ್ಲಿ ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಕಂಡಿತೇ ಎಂದು ಮೊದಲು ಕೇಳಬೇಕಾದದ್ದು ದಿನವಿಡೀ ಬಯಲಲ್ಲಿರುವ ಕುರಿಗಾಹಿಗಳನ್ನು. ಅವರ ಉತ್ತರ ದಾಖಲಿಸಲು ಕೋಬೊಕಲೆಕ್ಟ್, ಅಂದರೆ ಸಮೀಕ್ಷೆಯ ಫಾರ್ಮ್ ಫೋನಿನಲ್ಲೇ ತುಂಬುವ ಆ್ಯಪ್, ಒಳ್ಳೆಯ ಸಾಧನ. ನೆಟ್‌ವರ್ಕ್ ಇಲ್ಲದೆಯೂ ಫಾರ್ಮ್ ತುಂಬಬಹುದು, ಪ್ರಶ್ನೆಗಳನ್ನು ಕನ್ನಡದಲ್ಲೇ ಹಾಕಬಹುದು, ಸಾಧಾರಣ ಆಂಡ್ರಾಯ್ಡ್ ಫೋನ್ ಸಾಕು. ಐಫೋನಿಗೆ ಆ್ಯಪ್ ಇಲ್ಲ, ಬ್ರೌಸರ್ ಫಾರ್ಮೇ ಗತಿ.

ಕೈಕೊಡುವುದು ಜಾಗದ ವಿಷಯದಲ್ಲಿ. ಬರೀ ಜಿಯೊಪಾಯಿಂಟ್ (ಜಿಪಿಎಸ್ ಗುರುತು) ಪ್ರಶ್ನೆ ಹಾಕಿದರೆ ಫೋನ್ ಇರುವ ಜಾಗ ದಾಖಲಾಗುತ್ತದೆ, ಹಕ್ಕಿ ಕಂಡ ಜಾಗವಲ್ಲ. ಹಟ್ಟಿಯಲ್ಲಿ ಕೂತು ಕೇಳಿದ್ದೆಲ್ಲ ನಕ್ಷೆಯಲ್ಲಿ ಹಟ್ಟಿಯ ಮೇಲೇ ಗುಡ್ಡೆ ಬೀಳುತ್ತದೆ. ಫಾರ್ಮ್ ಸಿದ್ಧಪಡಿಸುವ ಎಕ್ಸೆಲ್ ಹಾಳೆಯ (ಎಕ್ಸ್‌ಎಲ್‌ಎಸ್‌ಫಾರ್ಮ್) ಅಪಿಯರೆನ್ಸ್ ಕಾಲಂನಲ್ಲಿ ‘ಪ್ಲೇಸ್‌ಮೆಂಟ್-ಮ್ಯಾಪ್’ ಕೊಟ್ಟರೆ ಗುರುತನ್ನು ಸರಿಸಬಹುದು. ಅದಕ್ಕೆ ನೆಟ್‌ವರ್ಕ್ ಇಲ್ಲದೆಯೂ ತೆರೆಯುವ ಎಂಬಿಟೈಲ್ಸ್ ನಕ್ಷೆಯನ್ನು ಊರಲ್ಲೇ ಫೋನಿಗೆ ಹಾಕಿಕೊಂಡು ಹೊರಡಬೇಕು. ಯಾರ ಹೊಲ, ಯಾವ ಹಳ್ಳದ ದಂಡೆ ಎಂದು ಕೇಳಿ ಗುರುತು ನೀವೇ ಇಡಿ. ಅವರೊಂದಿಗೆ ಆ ಜಾಗಕ್ಕೇ ನಡೆದು ಹೋಗುವುದಾದರೆ ಇನ್ನೂ ಮೇಲು.

ದಿನಾಂಕದ್ದೂ ಇದೇ ಕಥೆ. ಪೂರ್ತಿ ತಾರೀಖು ಕಡ್ಡಾಯ ಮಾಡಿದರೆ ತುಂಬುವವರು ಏನೋ ಒಂದು ಒತ್ತುತ್ತಾರೆ. ತಿಂಗಳು, ವರ್ಷ ಮಾತ್ರ ಕೇಳುವ ‘ಮಂತ್-ಇಯರ್’ ಬಳಸಿ, ನೆನಪಿಲ್ಲ ಎನ್ನುವ ಆಯ್ಕೆಯೂ ಇರಲಿ. ಜೋಳ ಕೊಯ್ಯುವ ಮುಂಚೆಯೋ ಆಮೇಲೋ, ಉಗಾದಿ ಕಳೆದಿತ್ತೋ ಎಂದು ಕೇಳಿದರೆ ತಿಂಗಳು ತಾನಾಗಿ ಹೊರಬರುತ್ತದೆ.

ಉತ್ತರದ ಆಯ್ಕೆಗಳಾಗಿ ಚಿತ್ರಗಳನ್ನು ತೋರಿಸಬಹುದು ಎನ್ನುವುದೇ ಈ ಆ್ಯಪ್‌ನ ದೊಡ್ಡ ಬಲ, ಕೆಡುವುದೂ ಅಲ್ಲೇ. ಎರೆಭೂತದ ಚಿತ್ರವೊಂದನ್ನೇ ತೋರಿಸಿದರೆ ಅತಿಥಿಗೆ ಬೇಸರವಾಗದಿರಲೆಂದು ‘ಹೂಂ, ನೋಡೀವ್ರಿ’ ಅಂದುಬಿಡುತ್ತಾರೆ. ಮೊದಲು ಫೋನ್ ಜೇಬಿನಲ್ಲಿಟ್ಟು, ಈ ಕಡೆ ಯಾವ್ಯಾವ ದೊಡ್ಡ ಹಕ್ಕಿ ಬರುತ್ತವೆ ಎಂದು ಮಾತಾಡಿಸಿ. ಆಮೇಲೆ ಹೆಣ್ಣು ನವಿಲು, ಕೊಕ್ಕರೆ, ಎರೆಭೂತದ ಜೊತೆಗೆ ಇಲ್ಲಿ ಇರಲಾರದ ಆಫ್ರಿಕಾದ ಸೆಕ್ರೆಟರಿ ಹಕ್ಕಿಯನ್ನೂ ತೋರಿಸಿ. ಅದನ್ನೂ ಕಂಡಿದ್ದೇವೆ ಎಂದರೆ ಉಳಿದ ಉತ್ತರವನ್ನೂ ಅನುಮಾನದಿಂದಲೇ ನೋಡಬೇಕು. ಪ್ಯಾರಾಮೀಟರ್ಸ್ ಕಾಲಂನ ‘ರ‍್ಯಾಂಡಮೈಜ್’ ಚಿತ್ರಗಳ ಕ್ರಮವನ್ನು ಕಲೆಸುತ್ತದೆ. ಫೈಲ್ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಚಿತ್ರ ಬರುವುದಿಲ್ಲ, ಹೊರಡುವ ಮುನ್ನ ಏರೋಪ್ಲೇನ್ ಮೋಡ್‌ನಲ್ಲಿ ತೆರೆದು ನೋಡಿ.

ಫೋನ್ ಪರದೆಯಲ್ಲಿ ಗಾತ್ರ ಗೊತ್ತಾಗದು. ಗಂಡು ಎರೆಭೂತ ಸುಮಾರು 1 ಮೀಟರ್ ಎತ್ತರ. ತಲೆ ಕುರಿಯ ಬೆನ್ನಿಗಿಂತ ಮೇಲಿತ್ತೇ ಎಂದು ಕೇಳಿ. ಮರದ ಮೇಲೆ ಕೂತಿತ್ತು ಎಂದರೆ ಅದು ಎರೆಭೂತವಲ್ಲ: ಅದಕ್ಕೆ ಹಿಂಬೆರಳಿಲ್ಲ, ಕೊಂಬೆ ಹಿಡಿಯಲಾರದು. ಈ ಎರಡನ್ನೂ ಪ್ರತ್ಯೇಕ ಪ್ರಶ್ನೆಗಳಾಗಿ ಹಾಕಿ, ‘ರೆಲೆವಂಟ್’ ಕಾಲಂ ಮೂಲಕ ಕಂಡಿದ್ದೇವೆ ಎಂದವರಿಗಷ್ಟೇ ತೆರೆಯುವಂತೆ ಮಾಡಿ. ಕಂಡಿಲ್ಲ ಎಂದವರ ಫಾರ್ಮನ್ನೂ ಕಳಿಸಿ, ಅದೂ ದಾಖಲೆಯೇ.

ಒಪ್ಪಿಗೆ ಪಡೆದು ಮಾತನ್ನು ರೆಕಾರ್ಡ್ ಮಾಡಬಹುದು. ‘ವಾಯ್ಸ್-ಓನ್ಲಿ’ ಗುಣಮಟ್ಟದಲ್ಲಿ ಗಂಟೆಗೆ ಸುಮಾರು 5 ಎಂಬಿ ಸಾಕು, ಆದರೆ ಆ ಎಎಂಆರ್ ಮಾದರಿಯ ಧ್ವನಿ ಫೈಲ್ ಬಹುತೇಕ ಬ್ರೌಸರ್‌ಗಳಲ್ಲಿ ನುಡಿಯದು. ‘ನಾರ್ಮಲ್’ ಆದರೆ ಸುಮಾರು 30 ಎಂಬಿ.

ಎರೆಭೂತ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ, ಅಂದರೆ ಅತಿ ಹೆಚ್ಚಿನ ರಕ್ಷಣೆಯ ಹಕ್ಕಿ, ಅದರ ಜಾಗ ಬಯಲಾಗಬಾರದು. ಪ್ರಾಜೆಕ್ಟನ್ನು ಎಲ್ಲರೂ ನೋಡುವಂತೆ ತೆರೆದಿಡಬೇಡಿ, ಕಳಿಸಿದ ಮೇಲೆ ಫೋನಿನಲ್ಲಿರುವ ಪ್ರತಿ ಅಳಿಸುವ ಸೆಟ್ಟಿಂಗ್ ಆನ್ ಮಾಡಿ.